ಸೇನೆಯಿಂದ ನಿವೃತ್ತಿಯಾದ ಮೇಲೆ ಮಂಡ್ಯದಲ್ಲಿ ವಕೀಲಿಕೆ ಮಾಡಿ ಬದುಕಬಹುದಾ?

ಬದುಕಬಹುದು. ಪಿಂಚಣಿ ಬರುವವರಿಗೆ ಬೇರೆಯವರಿಗಿಂತ ಸುಲಭ ಅಂತಲೇ ಹೇಳುತ್ತೇನೆ.

ವಯಸ್ಸಿನ ಚಿಂತೆ ಬೇಡ. 45 ದಾಟಿದವರನ್ನು ನೋಂದಾಯಿಸಬಾರದು ಎಂಬ ವಕೀಲರ ಪರಿಷತ್ತಿನ ನಿಯಮವನ್ನು ಸುಪ್ರೀಂ ಕೋರ್ಟ್ 1995ರಲ್ಲೇ ರದ್ದು ಮಾಡಿದೆ. ಪದವಿ ಇದ್ದರೆ 3 ವರ್ಷದ ಎಲ್‌ಎಲ್‌ಬಿ, ಆಮೇಲೆ ಬೆಂಗಳೂರಿನ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಜೊತೆಗೆ ವಕೀಲರಿಗಿರುವ ಅಖಿಲ ಭಾರತ ಪರೀಕ್ಷೆ. ಪಿಂಚಣಿ ಇದಕ್ಕೆ ಅಡ್ಡಿಯಲ್ಲ. ಆದರೆ ಪೂರ್ಣಾವಧಿ ಸಂಬಳದ ಕೆಲಸ ಇಟ್ಟುಕೊಂಡು ವಕೀಲಿಕೆ ಮಾಡುವಂತಿಲ್ಲ.

ಕಷ್ಟ ಶುರುವಾಗುವುದು ಕೋಟು ಹಾಕಿದ ಮೇಲೆ. ನಲವತ್ತು ದಾಟಿದವರು ತಮಗಿಂತ ಚಿಕ್ಕ ಸೀನಿಯರ್ ಕೈಕೆಳಗೆ ಫೈಲು ಹಿಡಿಯಬೇಕು. ಸೇನೆಯಲ್ಲಿ ಗಂಟೆ ಹೊಡೆದ ಹಾಗೆ ನಡೆದು ರೂಢಿ. ಇಲ್ಲಿ ವಾಯಿದೆ ಮೇಲೆ ವಾಯಿದೆ. ತಾಳ್ಮೆ ಜಾಸ್ತಿ ಬೇಕು. ಕೇಸುಗಳೋ ಅಣ್ಣತಮ್ಮಂದಿರ ಜಮೀನು ಭಾಗ, ಪಹಣಿ ತಕರಾರು, ಚೆಕ್ ಬೌನ್ಸ್, ಹೆದ್ದಾರಿ ಅಪಘಾತದ ಪರಿಹಾರ. ಕಬ್ಬಿನ ಬಿಲ್ಲು ಬಂದ ಮೇಲೆ ಫೀಸು ಕೊಡ್ತೀನಿ ಅನ್ನುವವರೂ ಇರುತ್ತಾರೆ, ಸುಮ್ನೆ ಒಪ್ಪಿಕೊಳ್ಳಬೇಕು ಅಷ್ಟೇ.

ನಿಮಗಿರುವ ನಿಜವಾದ ಬಲ ಬೇರೆ. ಅಂಗವಿಕಲ ಪಿಂಚಣಿ, ಕುಟುಂಬ ಪಿಂಚಣಿ ತಕರಾರುಗಳಿಗೆ 2007ರ ಕಾಯ್ದೆಯಡಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. ಕರ್ನಾಟಕ ಅದರ ಕೊಚ್ಚಿ ಪೀಠಕ್ಕೆ ಸೇರುತ್ತದೆ. ಡಿಸ್ಚಾರ್ಜ್ ಬುಕ್, ಮೆಡಿಕಲ್ ಬೋರ್ಡ್ ಕಾಗದ ಓದಿ ಅರ್ಥ ಮಾಡಿಕೊಳ್ಳುವ ವಕೀಲರು ಸಣ್ಣ ಊರಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಳ್ಳಿಯ ಮಾಜಿ ಸೈನಿಕರು ಮೊದಲು ಹುಡುಕಿಕೊಂಡು ಬರುವುದು ನಿಮ್ಮನ್ನೇ.