ಹತ್ತಿ ಬಿಡಿಸುವ ಹಂಗಾಮಿನಲ್ಲಿ ಮಗ ವಾರಕ್ಕೆರಡು ದಿನ ಶಾಲೆ ತಪ್ಪಿಸಿದರೆ ಏನಾಗುತ್ತದೆ?

ರಾಯಚೂರು ಕಡೆ ಹತ್ತಿ ಬಿಡಿಸುವ ಕೆಲಸ ಶುರುವಾದರೆ ತರಗತಿಗಳು ಖಾಲಿಯಾಗುತ್ತವೆ. ದಯವಿಟ್ಟು ಮಗನನ್ನು ಹೊಲಕ್ಕೆ ಒಯ್ಯಬೇಡಿ. ವಾರದ ಆರು ದಿನದಲ್ಲಿ ಎರಡು ಹೋದರೆ ಹಾಜರಿ ಸುಮಾರು 67%. ವರ್ಷವಿಡೀ ಹಾಗೇ ನಡೆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇಕಾದ 75% ಆಗುವುದಿಲ್ಲ.

ಅದಕ್ಕಿಂತ ದೊಡ್ಡ ಚಿಂತೆ ಗಣಿತದ್ದು. ಸೋಮವಾರದ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೊಟ್ಟ ಸಂಖ್ಯೆಗಳೆಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಪಾಠ ತಪ್ಪಿದವನು ಬುಧವಾರ 1/4 + 1/6 ಕಂಡರೆ ಮೇಲಿನದು ಮೇಲೆ, ಕೆಳಗಿನದು ಕೆಳಗೆ ಕೂಡಿ 2/10 ಬರೆಯುತ್ತಾನೆ. ಸರಿಯುತ್ತರ 5/12. ಇದನ್ನು ಆಗಲೇ ತಿದ್ದದಿದ್ದರೆ ಮುಂದೆ ಬೀಜಗಣಿತವೂ ಕೈಕೊಡುತ್ತದೆ.

ಶಾಲೆ ತಪ್ಪಿಸದೆ ದಿನಾ 20 ನಿಮಿಷ ತಡವಾಗಿ ಹೋದರೂ ವಾರಕ್ಕೆ ಎರಡು ಗಂಟೆ ಪಾಠ ಹೋಗುತ್ತದೆ, ಅದೂ ಮೊದಲ ಪಿರಿಯಡ್ಡಿನದೇ.

ಈಗಾಗಲೇ ತಪ್ಪಿದ ಪಾಠಕ್ಕೆ ಗೆಳೆಯರ ನೋಟ್ಸ್ ತಂದು ನಕಲು ಮಾಡಿದರೆ ಸಾಲದು. ಮಾದರಿ ಲೆಕ್ಕವನ್ನು ಮುಚ್ಚಿಟ್ಟು, ನೋಡದೆ ಎರಡು ಸಲ ಮಾಡಲಿ. ಎಲ್ಲಿ ನಿಂತನೋ ಅದನ್ನೇ ಮರುದಿನ ಮೇಷ್ಟ್ರಿಗೆ ಕೇಳಲಿ.