ಗನ್‌ಸ್ಮೋಕ್‌ನ ಫೆಸ್ಟಸ್ ನಿಜಕ್ಕೂ ಹಾಡುಗಾರನೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ 'ಗನ್‌ಸ್ಮೋಕ್' ಎಂಬ ಹಳೇ ಕೌಬಾಯ್ ಸೀರಿಯಲ್ ದಿನಾ ನೋಡುತ್ತಿದ್ದೆ. ಹೇಸರಗತ್ತೆ ಮೇಲೆ ಬರುವ, ಒರಟು ದನಿಯ ಫೆಸ್ಟಸ್ ಬಹಳ ಇಷ್ಟವಾದ. ಆ ನಟ ಮೊದಲು ಹಾಡುಗಾರ, ಹೆಸರಾಂತ ಗಾಯಕ ಫ್ರಾಂಕ್ ಸಿನಾತ್ರಾ ಬಿಟ್ಟ ಜಾಗಕ್ಕೆ ಬಂದವನು ಎಂದು ಅಳಿಯ ಹೇಳಿದರು. ನಿಜವೇ? ಹಾಗಿದ್ದರೆ ಹಾಡು ಬಿಟ್ಟಿದ್ದೇಕೆ?

ಉತ್ತರ: ಹಾಡುಗಾರರಾಗಿದ್ದರು ಅನ್ನೋದು ನೂರಕ್ಕೆ ನೂರು ನಿಜ. ಸಿನಾತ್ರಾ ವಿಷಯ ಮಾತ್ರ ಬಾಯಿಂದ ಬಾಯಿಗೆ ದಾಟುವಾಗ ಸ್ವಲ್ಪ ಬದಲಾಗಿದೆ.

ಆ ನಟ ಕೆನ್ ಕರ್ಟಿಸ್. 1916ರಲ್ಲಿ ಕೊಲರಾಡೊ ರಾಜ್ಯದ ಲಮಾರ್‌ನಲ್ಲಿ ಹುಟ್ಟಿದರು. ಆಗಿನ ಹೆಸರು ಕರ್ಟಿಸ್ ಗೇಟ್ಸ್. 1941ರಲ್ಲಿ ಟಾಮಿ ಡಾರ್ಸಿ ಅವರ ಬ್ಯಾಂಡ್ ಸೇರಿದರು. ಆ ಬ್ಯಾಂಡಿನ ಮೈಕ್ ಮುಂದೆ ನಿಲ್ಲೋದು ಆಗ ಸಣ್ಣ ಮಾತಾಗಿರಲಿಲ್ಲ. ಆದರೆ ಸಿನಾತ್ರಾ ಆಗಿನ್ನೂ ಅಲ್ಲೇ ಇದ್ದರು. ಅವರು ಹೊರಟಿದ್ದು 1942ರಲ್ಲಿ, ಅವರ ಜಾಗ ತುಂಬಿದವರು ಡಿಕ್ ಹೇಮ್ಸ್. ಕರ್ಟಿಸ್ ಶೆಪ್ ಫೀಲ್ಡ್ಸ್ ಅವರ ಬ್ಯಾಂಡ್‌ಗೆ ಹೋದರು, ಆಮೇಲೆ ಯುದ್ಧದ ಕಾಲದಲ್ಲಿ ಸೈನ್ಯ ಸೇರಿದರು.

ವಾಪಸ್ ಬಂದ ಮೇಲೆ ಕೊಲಂಬಿಯಾ ಸ್ಟುಡಿಯೋ ಅವರನ್ನು ಹಾಡುವ ಕೌಬಾಯ್ ಮಾಡಿತು. ಕುದುರೆ, ಗಿಟಾರ್, ನಡುವೆ ಎರಡು ಹಾಡು, ಕೊನೆಗೆ ಕಳ್ಳ ಸಿಕ್ಕಿಬೀಳುವುದು. ಅಂಥ ಕಡಿಮೆ ಖರ್ಚಿನ ಸಿನಿಮಾಗಳವು. 1949ರಿಂದ ಸನ್ಸ್ ಆಫ್ ದ ಪಯೊನಿಯರ್ಸ್ ಎಂಬ ಹೆಸರಾಂತ ಗಾಯನ ತಂಡದಲ್ಲಿ ಮುಖ್ಯ ದನಿಯಾದರು. 'ರೂಮ್ ಫುಲ್ ಆಫ್ ರೋಸಸ್' ಹಾಡಿನ ಆ ತಂಡದ ರೆಕಾರ್ಡಿಂಗ್ ಹುಡುಕಿ ಕೇಳಿ. ಅಷ್ಟು ಮೆದುವಾದ, ತುಂಬಿದ ದನಿ ಫೆಸ್ಟಸ್ ಗಂಟಲಿಂದ ಬಂದಿದ್ದು ಅಂದರೆ ನಂಬೋದೇ ಕಷ್ಟ.

ಹಾಡು ಬಿಟ್ಟಿದ್ದೇಕೆ ಅಂತ ಕೇಳಿದ್ದೀರಿ. ಅವರಾಗಿ ಬಿಟ್ಟರು ಅಂತ ನನಗೆ ಅನಿಸುವುದಿಲ್ಲ. ಹಾಡುವ ಕೌಬಾಯ್‌ಗಳಿಗೆ ಕೆಲಸವೇ ಇಲ್ಲದಂತಾಯಿತು. 1950ರ ದಶಕದ ಮೊದಲರ್ಧದಲ್ಲಿ ಟಿವಿ ಮನೆಮನೆಗೆ ಬಂತು. ಅಂಥ ಸಿನಿಮಾ ತೆಗೆಯುವುದೇ ನಿಂತಿತು. ಜೀನ್ ಆಟ್ರಿ, ರಾಯ್ ರೋಜರ್ಸ್‌ರಂಥ ದೊಡ್ಡ ಹೆಸರಿನವರು ತಮ್ಮದೇ ಟಿವಿ ಕಾರ್ಯಕ್ರಮ ಮಾಡಿಕೊಂಡು ಉಳಿದರು. ಆದರೆ 1955ರಲ್ಲಿ ಗನ್‌ಸ್ಮೋಕ್ ಶುರುವಾದಾಗ ಕೌಬಾಯ್ ಕಥೆಯ ರುಚಿಯೇ ಬದಲಾಗಿತ್ತು. ಅದರ ನಾಯಕ, ಊರಿನ ಕಾನೂನು ಕಾಯುವ ಮಾರ್ಷಲ್ ಮ್ಯಾಟ್ ಡಿಲನ್ ಹಾಡುವುದಿಲ್ಲ, ಜಾಸ್ತಿ ನಗುವುದೂ ಇಲ್ಲ. ಅಲ್ಲಿ ಸಿಹಿ ದನಿಯ ನಾಯಕನಿಗೆ ಏನು ಕೆಲಸ, ಅಲ್ವಾ?

ಕರ್ಟಿಸ್ ಸಣ್ಣ ಪಾತ್ರಗಳತ್ತ ತಿರುಗಿದರು. ಮಾವ ಜಾನ್ ಫೋರ್ಡ್ ದೊಡ್ಡ ನಿರ್ದೇಶಕರು, ಅವರ ಹಲವು ಸಿನಿಮಾಗಳಲ್ಲಿ ಕಾಣಿಸಿಕೊಂಡರು. ಮಾವನ ದಯೆಯಿಂದ ಬದುಕಿದರು ಅಂತ ಸುಮ್ನೆ ಹೇಳಿಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. 1956ರ 'ದ ಸರ್ಚರ್ಸ್'ನಲ್ಲಿ ಅವರ ಚಾರ್ಲಿ ಮೆಕೋರಿಯನ್ನು ನೋಡಿ. ಎಳೆದೆಳೆದು ಆಡುವ ಹಳ್ಳಿಗಾಡಿನ ಮಾತಿನಲ್ಲಿ ಫೆಸ್ಟಸ್ ಆಗಲೇ ಅರ್ಧ ಹುಟ್ಟಿದ್ದಾನೆ. ಆ ಚಾರ್ಲಿ ಹಾಡುತ್ತಾನೆ ಕೂಡ.

ಉಳಿದರ್ಧ ಬಾಲ್ಯದಿಂದ ಬಂತು. ಕರ್ಟಿಸ್ ಬೆಳೆದದ್ದು ಲಾಸ್ ಆನಿಮಸ್ ಎಂಬ ಊರಿನಲ್ಲಿ. ತಂದೆ ಅಲ್ಲಿನ ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ. ಜೈಲು ಇದ್ದ ಕಟ್ಟಡದಲ್ಲೇ ಮನೆ, ಕೈದಿಗಳಿಗೆ ಅಡುಗೆ ಮಾಡುತ್ತಿದ್ದವರು ತಾಯಿ. ಸೀಡರ್ ಜ್ಯಾಕ್ ಎಂದು ಎಲ್ಲರೂ ಕರೆಯುತ್ತಿದ್ದ ಒಬ್ಬ ಮನುಷ್ಯ ಊರಾಚೆ ಬೇಲಿ ಗೂಟಕ್ಕೆ ಮರ ಕಡಿಯುತ್ತಿದ್ದ. ಪೇಟೆಗೆ ಬಂದಾಗ ಕುಡಿದು, ಕೊನೆಗೆ ಆ ಜೈಲಿಗೇ ಬರುತ್ತಿದ್ದ. ಅವನ ಮಾತಿನ ಧಾಟಿ ಹುಡುಗನ ಕಿವಿಯಲ್ಲಿ ಉಳಿಯಿತು. ಫೆಸ್ಟಸ್ ಅವನನ್ನು ನೋಡಿ ಮಾಡಿದ್ದು ಎಂದು ಕರ್ಟಿಸ್ ಅವರೇ ಹೇಳಿದ್ದರು.

ನನಗೆ ಮುಖ್ಯ ಅನಿಸುವುದು ಇದೇ. ಫೆಸ್ಟಸ್ ದನಿಯನ್ನು ಕಟ್ಟಿದ್ದು ಹಾಡುಗಾರನ ಕಿವಿ. ಎಲ್ಲಿ ಎಳೆಯಬೇಕು, ಎಲ್ಲಿ ದನಿ ಮೇಲೆ ಹೋಗಬೇಕು, ಎಲ್ಲಿ ಉಸಿರು ಬಿಡಬೇಕು ಅನ್ನುವುದೆಲ್ಲ ಅಳತೆಯಲ್ಲಿದೆ. ಸೀರಿಯಲ್‌ನ ಡಾಕ್ಟರ್ ಪಾತ್ರವಾದ ಡಾಕ್ ಜೊತೆ ಜಗಳವಾಡುವ ದೃಶ್ಯಗಳನ್ನು ಒಮ್ಮೆ ಕಣ್ಣು ಮುಚ್ಚಿ ಕೇಳಿ. ಇಬ್ಬರೂ ತಾಳ ತಪ್ಪುವುದಿಲ್ಲ.

1962ರಲ್ಲಿ ಒಂದು ಕಂತಿಗೆ ಬಂದ ಫೆಸ್ಟಸ್, 1964ರಲ್ಲಿ ಖಾಯಂ ಆದ. ಮಾರ್ಷಲ್‌ನ ಸಹಾಯಕ ಚೆಸ್ಟರ್ ಪಾತ್ರದ ಡೆನಿಸ್ ವೀವರ್ ಹೊರಟ ಸಮಯವದು. ಕರ್ಟಿಸ್‌ಗೆ ಆಗ ಹತ್ತಿರ ಹತ್ತಿರ 48 ವರ್ಷ. 1975ರಲ್ಲಿ ಸೀರಿಯಲ್ ಮುಗಿಯುವವರೆಗೂ ಇದ್ದರು. ಆ ವರ್ಷಗಳಲ್ಲೂ ಹಾಡಿನ ರೆಕಾರ್ಡ್ ತಂದರು, ಫೆಸ್ಟಸ್ ಹೆಸರು ಹಾಕಿಕೊಂಡೇ. ಅವರು ತೀರಿಕೊಂಡಿದ್ದು 1991ರಲ್ಲಿ, ಕ್ಯಾಲಿಫೋರ್ನಿಯಾದ ಕ್ಲೋವಿಸ್‌ನಲ್ಲಿ.

ಪ್ರಶ್ನೆ: ಇದೇ ರೀತಿ ಹಾಡಿನಿಂದ ಟಿವಿ ಕೌಬಾಯ್ ಆದವರು ಬೇರೆ ಯಾರಿದ್ದಾರೆ?

ಉತ್ತರ: ನಾನು ಮೊದಲು ಹೇಳುವ ಹೆಸರು ಶೆಬ್ ವೂಲಿ. 1959ರಲ್ಲಿ ಶುರುವಾದ 'ರಾಹೈಡ್' ಎಂಬ ಕೌಬಾಯ್ ಸೀರಿಯಲ್‌ನ ಪೀಟ್ ನೋಲನ್ ಇವರೇ. ದನದ ಹಿಂಡಿಗೆ ಮುಂದೆ ಹೋಗಿ ದಾರಿ ನೋಡಿಬರುವ ಪಾತ್ರ ಅದು. ಅದಕ್ಕೆ ಬರೀ ಒಂದು ವರ್ಷ ಮುಂಚೆ, 1958ರಲ್ಲಿ, 'ದ ಪರ್ಪಲ್ ಪೀಪಲ್ ಈಟರ್' ಎಂಬ ಅವರ ತಮಾಷೆ ಹಾಡು ಅಮೆರಿಕದಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ವೂಲಿ ಎರಡರಲ್ಲಿ ಯಾವುದನ್ನೂ ಬಿಡಲಿಲ್ಲ. ಬೆನ್ ಕೋಲ್ಡರ್ ಎಂಬ ಇನ್ನೊಂದು ಹೆಸರಲ್ಲಿ ತಮಾಷೆ ಹಾಡುಗಳನ್ನು ಹಾಡುತ್ತಲೇ ಇದ್ದರು.