ಹಾರ್ಟ್ ಟ್ರಾನ್ಸ್‌ಪ್ಲಾಂಟ್ ಡಾಕ್ಟರ್ ಆಗಲು ಎಂಡಿ ಆದಮೇಲೆ ಎಷ್ಟು ವರ್ಷ?

ತಂಗಿ ಬೆಳಗಾವಿಯಲ್ಲಿ ಜನರಲ್ ಮೆಡಿಸಿನ್ ಎಂಡಿ ಓದುತ್ತಿದ್ದಾಳೆ, ಮುಂದೆ ಹೃದಯ ಕಸಿ ಕಡೆ ಹೋಗಬೇಕು ಅಂತಾಳೆ ಅಂದಿರಿ. ಎಂಡಿ ಮುಗಿದ ಮೇಲೆ ಇನ್ನೂ ಸುಮಾರು 4 ವರ್ಷ. ನೀಟ್ ಎಸ್‌ಎಸ್ (ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಬರೆದು ಡಿಎಂ ಕಾರ್ಡಿಯಾಲಜಿ, ಅಂದರೆ ಹೃದ್ರೋಗದ ಸೂಪರ್ ಸ್ಪೆಷಾಲಿಟಿ ಪದವಿ, ಅದು 3 ವರ್ಷ. ಆಮೇಲೆ ಹಾರ್ಟ್ ಫೇಲ್ಯೂರ್, ಟ್ರಾನ್ಸ್‌ಪ್ಲಾಂಟ್ ಫೆಲೋಶಿಪ್ (ಆಸ್ಪತ್ರೆಯಲ್ಲಿ ವಿಶೇಷ ತರಬೇತಿ), ಸಾಮಾನ್ಯವಾಗಿ 1 ವರ್ಷ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎದೆ ತೆರೆದು ಹೃದಯ ಜೋಡಿಸುವವರು ಈ ದಾರಿಯಲ್ಲಿ ಬಂದ ಡಾಕ್ಟರ್ ಅಲ್ಲ, ಅದು ಎಂಸಿಎಚ್ (ಸರ್ಜರಿಯ ಸೂಪರ್ ಸ್ಪೆಷಾಲಿಟಿ) ಮಾಡಿದ ಸರ್ಜನ್ ಕೆಲಸ. ಇವರದು ಅದರ ಹಿಂದೆ ಮುಂದಿನದೆಲ್ಲ. ಯಾರಿಗೆ ಮಾತ್ರೆಯಲ್ಲೇ ಸಾಗುತ್ತದೆ, ಯಾರಿಗೆ ಎಲ್‌ವ್ಯಾಡ್ ಪಂಪ್ ಬೇಕು (ಸೋತ ಹೃದಯದ ಬದಲು ರಕ್ತ ತಳ್ಳುವ ಯಂತ್ರ; ಅದು ಹಾಕಿಸಿಕೊಂಡವರ ಕೈ ಹಿಡಿದರೆ ನಾಡಿಯೇ ಸಿಗದಿರಬಹುದು, ಹೊಸಬರು ಗಾಬರಿ ಬೀಳುತ್ತಾರೆ), ಯಾರ ಹೆಸರು ಕಸಿ ಪಟ್ಟಿಗೆ ಹೋಗಬೇಕು, ಇದೆಲ್ಲ ಕಲಿಯಬೇಕು.

ಕಸಿ ಆದಮೇಲೆ ಅಸಲಿ ಕೆಲಸ ಶುರು. ಕುತ್ತಿಗೆಯ ರಕ್ತನಾಳದಿಂದ ಸಣ್ಣ ಚಿಮಟದಂಥ ಸಲಕರಣೆ ಇಳಿಸಿ, ಹೃದಯದ ಬಲಗಡೆ ಗೋಡೆಯಿಂದ ಚೂರೇ ಚೂರು ಮಾಂಸ ತೆಗೆದು, ದೇಹ ಹೊಸ ಹೃದಯವನ್ನು ಒಪ್ಪುತ್ತಿದೆಯಾ ಇಲ್ಲವಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡಿಸುತ್ತಾರೆ. ದೇಹ ಹೊಸ ಹೃದಯವನ್ನು ತಿರಸ್ಕರಿಸದಂತೆ ಕೊಡುವ ಟ್ಯಾಕ್ರೋಲಿಮಸ್ ಮಾತ್ರೆ ರಕ್ತದಲ್ಲಿ ಎಷ್ಟಿದೆ ಅಂತ ಬೆಳಗಿನ ಡೋಸ್‌ಗೆ ಮುಂಚೆ ಅಳೆಯಬೇಕು. ಜಾಸ್ತಿಯಾದರೆ ಕಿಡ್ನಿಗೆ ಪೆಟ್ಟು, ಕಡಿಮೆಯಾದರೆ ಹೃದಯಕ್ಕೆ.

ಫೆಲೋಶಿಪ್ ಆರಿಸುವಾಗ ಸುಮ್ನೆ ದೊಡ್ಡ ಕಟ್ಟಡ ನೋಡಬೇಡಿ, ವರ್ಷಕ್ಕೆ ಎಷ್ಟು ಕಸಿ ಆಗುತ್ತವೆ ಅಂತ ಕೇಳಿ. ಇನ್ನೊಂದು, ಈ ಕೆಲಸದಲ್ಲಿ ಸಮಯದ ಜೊತೆ ಓಟ: ದಾನಿಯಿಂದ ತೆಗೆದ ಹೃದಯವನ್ನು ತಣ್ಣಗಿಟ್ಟರೂ 4 ಗಂಟೆ ಆಸುಪಾಸು ಅಷ್ಟೇ. ಹುಬ್ಬಳ್ಳಿಯಿಂದ ಬೆಳಗಾವಿಗೆ ರಸ್ತೆ ಖಾಲಿ ಮಾಡಿಸಿ ತರಬಹುದು, ವಿಜಯಪುರದಿಂದ ಅಂದರೆ ಎದೆ ಢವಢವ. ಕರೆ ರಾತ್ರಿ 2 ಗಂಟೆಗೂ ಬರುತ್ತದೆ. ತಂಗಿಗೆ ನಿದ್ದೆ ಪ್ರಿಯವಾದರೆ ಈಗಲೇ ಹೇಳಿಬಿಡಿ.